ನಾಲ್ಕೂವರೆಯ ಶಹನಾಯಿ

ಆ ರಿಮೋಟಿನಲ್ಲಿ ಐವತ್ತೆರಡು ಗುಂಡಿಗಳಿವೆ. ನಾನು ಎಣಿಸಿದ್ದೇನೆ. ಓದಿದ್ದು ನಾಲ್ಕನೇ ಇಯತ್ತೆ. ನಾಲ್ಕು ವರ್ಷದಲ್ಲಿ ಐವತ್ತು ಅಕ್ಷರ ಕಲಿತವಳಿಗೆ ಐವತ್ತೆರಡು ಗುಂಡಿ ಯಾವ ಲೆಕ್ಕ? ಒಂದು ವಾರ ಸಾಕು. ನಮ್ಮ ಮನೆಯವರು ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಇಪ್ಪತ್ತೆರಡು ವರ್ಷ ಹಳಿ ಬದಲಿಸಿ ಗಾಡಿಗಳನ್ನು ಮುಂಬೈ ಕಡೆ, ಹೈದರಾಬಾದ್ ಕಡೆ, ರಾಯಚೂರು ಕಡೆ ಕಳಿಸಿದರು. ಒಂದು ಗಾಡಿಯೂ ತಪ್ಪು ಹಳಿಗೆ ಹೋಗಲಿಲ್ಲ. ಅಂಥವರ ಹೆಂಡತಿ ನಾನು. ಒಂದು ಹೋಂ ಥಿಯೇಟರ್ ನಡೆಸಲಾರೆನೇ?

ಹೀಗೆ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಮೈದುನನ ಮುಂದೆ ಹೇಳಿಬಿಟ್ಟೆ. ಅಲ್ಲೇ ಕೆಟ್ಟದ್ದು.

ಮೊದಲು ಮಷೀನಿನ ವಿಷಯ ಹೇಳುತ್ತೇನೆ. 2001ರಲ್ಲಿ ಮನೆಯವರು ಹೈದರಾಬಾದಿಗೆ ಹೋಗಿ ಅದನ್ನು ತಂದರು. ನನ್ನನ್ನು ಕೇಳಲಿಲ್ಲ. ನಾನು ತರಲು ಹೇಳಿದ್ದು ಒಂದು ಕಪಾಟು. ಬಂದದ್ದು ಐದು ಸಣ್ಣ ಡಬ್ಬಿ, ಒಂದು ದೊಡ್ಡ ಡಬ್ಬಿ, ಅವಕ್ಕೆಲ್ಲ ಯಜಮಾನನ ಹಾಗೆ ಒಂದು ಕರಿ ಮಷೀನು. ದೊಡ್ಡ ಡಬ್ಬಿ ಢಂ ಎಂದರೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಜಾಗ ಬಿಟ್ಟು ಸರಿಯುತ್ತಿತ್ತು.

"ಇದರಾಗ ಭಾಂಡಿ ಇಡಾಕ ಬರ್ತದೇನು?" ಅಂತ ಕೇಳಿದೆ.

"ಮ್ಯಾಲ ಹೂದಾನಿ ಇಡು" ಅಂದರು.

ಮೂರು ತಿಂಗಳು ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಆ ಮೂರು ತಿಂಗಳು ವಾಪಸ್ ಬೇಕು ಅನಿಸುತ್ತದೆ. ಯಾರೂ ಕೊಡುವುದಿಲ್ಲ.

ರೈಲ್ವೆಯಲ್ಲಿ ಡ್ರೈವರಿಗೆ, ಗಾರ್ಡಿಗೆ ಕಾಲ್‌ಬಾಯ್ ಅಂತ ಒಬ್ಬ ಇರುತ್ತಾನೆ. ಡ್ಯೂಟಿಗೆ ಮೊದಲು ಕ್ವಾರ್ಟರ್ಸಿಗೆ ಬಂದು, ಬಾಗಿಲು ಬಡಿದು ಎಬ್ಬಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಪಾಯಿಂಟ್ಸ್‌ಮನ್‌ಗೆ ಆ ಭಾಗ್ಯ ಇಲ್ಲ. ತಾನೇ ಏಳಬೇಕು. ಮನೆಯವರಿಗೆ ಅದೊಂದು ಹಳೆಯ ಸಿಟ್ಟು. "ನನಗೂ ಒಬ್ಬ ಕಾಲ್‌ಬಾಯ್ ಬೇಕು" ಅಂತ ಮಷೀನಿಗೆ ಟೈಮರ್ ಇಟ್ಟರು. ಮುಂಜಾನೆ ನಾಲ್ಕೂವರೆಗೆ ಅದು ತಾನೇ ಚಾಲೂ ಆಗಿ ಶಹನಾಯಿ ಊದುತ್ತಿತ್ತು. ಕಾಲು ತಾಸು ಊದಿ ತಾನೇ ಬಂದ್ ಆಗುತ್ತಿತ್ತು. ನಡುವೆ ಅರ್ಧ ತಾಸು ಕರೆಂಟು ಹೋಗಿ ಬಂದರೂ ಮರೆಯುತ್ತಿರಲಿಲ್ಲ.

ನಮ್ಮ ಕ್ವಾರ್ಟರ್ಸ್ ಲೈನಿನ ಗೋಡೆಗಳು ಹಪ್ಪಳದ ಹಾಗೆ. ಆಚೆ ಮನೆಯ ನಬೀಸಾಬ್ ಕೂಡ ಪಾಯಿಂಟ್ಸ್‌ಮನ್. ದಿನಾ ಬೈಯುತ್ತಿದ್ದರು. "ಏ ಮಾಣಿಕಪ್ಪ, ದಿನಾ ಯಾರ್ ಶಾದಿ ಮಾಡಾಕತ್ತೀಯೋ? ನನ್ನ ನಿದ್ದಿ ಹಾಳಾತು." ಎದುರುಮನೆಯ ಪೀರಮ್ಮ ಸ್ಟೇಷನ್ ಹೊರಗೆ ಚಹಾ ಮಾರುವವಳು. ಅವಳ ಬೈಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹೋದ ವರ್ಷ ಮನೆಯವರು ಡ್ಯೂಟಿ ಮುಗಿಸಿ ಬಂದು ಚಹಾ ಕೇಳಿದರು. ನಾನು ಸೋಸಿ ತರುವಷ್ಟರಲ್ಲಿ ಹೋಗಿದ್ದರು. ಆ ವಿಷಯ ಇಷ್ಟೇ ಬರೆಯುತ್ತೇನೆ.

ಮಾರನೆಯ ದಿನ ಮುಂಜಾನೆ ಮಂದಿ ಸುತ್ತ ಕೂತು ಅಳುತ್ತಿದ್ದರು. ನಾಲ್ಕೂವರೆ ಆಯಿತು. ಶಹನಾಯಿ ಶುರುವಾಯಿತು. ಅದನ್ನು ನಿಲ್ಲಿಸುವುದು ಮಂದಿಗೆ ಗೊತ್ತಿರಲಿಲ್ಲ. ನನಗೆ ಆಗ ರಿಮೋಟಿನ ಎಚ್ಚರವೇ ಇರಲಿಲ್ಲ. ಗೊತ್ತಿದ್ದವರು ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಕಾಲು ತಾಸು ಎಲ್ಲರೂ ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆ ವಾದ್ಯ ಊದಿಸಿಕೊಂಡು ಹೋದ ಮನುಷ್ಯ ವಾಡಿಯಲ್ಲಿ ಅವರೊಬ್ಬರೇ ಇರಬೇಕು.

ಆಮೇಲೆ ಒಂದು ವರ್ಷ ದಿನಾ ಹಾಗೇ ಊದಿತು. ಅವರು ಹೋದ ಮೇಲೆ ರೈಲ್ವೆಯವರು ನನಗೆ ಲೇಡೀಸ್ ವೇಟಿಂಗ್ ರೂಮಿನ ಕೆಲಸ ಕೊಟ್ಟರು. ಆರು ಗಂಟೆಗೆ ಬೀಗ ತೆಗೆಯಬೇಕು. ದಿನಾ ಶಹನಾಯಿಗೆ ಬೈಯುತ್ತ ಏಳುತ್ತಿದ್ದೆ. ನಮಗೆ ಮಕ್ಕಳಿಲ್ಲ. ಬೈಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ವರ್ಷದ ಕಾರ್ಯಕ್ಕೆ ಒಂದು ವಾರ ಇರುವಾಗ ಮೈದುನ ರಾಜರತ್ನ ಸೇಡಂನಿಂದ ಬಂದ. ಸಾಲೆಯಲ್ಲಿ ಕ್ಲಾರ್ಕ್. ಹೊಸ ಮನೆ ಕಟ್ಟಿಸಿದ್ದಾನೆ. ನನ್ನ ಜೊತೆ ಮಾತಾಡುವಾಗ ಅವನ ಕಣ್ಣು ಮಷೀನಿನ ಮೇಲಿತ್ತು.

"ವೈನಿ, ಇದು ಹಿಂಗ ಸುಮ್ಮ ಕುಂತ್ರ ಹಾಳಾಗ್ತದ. ನಮ್ಮ ಹೊಸ ಮನಿ ಹಾಲಿಗೆ ಬರೋಬ್ಬರಿ ಆಗ್ತದ. ಅಣ್ಣನ ನೆನಪು ನನ್ನ ಹತ್ರಾನೂ ಇರ್ಲಿ."

"ನೆನಪು ಬೇಕಂದ್ರ ಅವರ ಹಳೇ ಲಾಟೀನು ಅದ, ಒಯ್ಯಿ."

"ಲಾಟೀನು ತಗೊಂಡು ಏನ್ ಮಾಡ್ಲಿ? ನಿಮಗ ಮಷೀನ್ ನಡಸಾಕ ಬರಂಗಿಲ್ಲ. ನೋಡ್ರಿ, ಹಿಂದಿನ ಎರಡು ಡಬ್ಬಿ ಸತ್ತಾವ. ದನಿನೇ ಇಲ್ಲ."

"ಸತ್ತಿಲ್ಲ."

"ಹಂಗಾದ್ರ ಮಾತಾಡ್ಸಿ ತೋರಸ್ರಿ. ಐತಾರ ಅಣ್ಣನ ಕಾರ್ಯದಾಗ ಬುದ್ಧ ವಂದನಾ ಹಚ್ರಿ. ಐದೂ ಡಬ್ಬ್ಯಾಗ ಛಂದ ಕೇಳಿಸ್ತಂದ್ರ ಮಷೀನ್ ನಿಮ್ಮದು. ಇಲ್ಲಂದ್ರ ಸೋಮವಾರ ಮುಂಜಾನಿ ಪ್ಯಾಸೆಂಜರ್‌ಗೆ ನಾ ಒಯ್ತೀನಿ."

"ಒಯ್ಯಿ" ಅಂದೆ. "ಒಂದು ವಾರದಾಗ ಐವತ್ತೆರಡೂ ಗುಂಡಿ ಕಲೀತೀನಿ."

ಅವನು ನಕ್ಕ. ನಾನು ನಗಲಿಲ್ಲ. ಮಷೀನು ಹೋದರೆ ಮುಂಜಾನೆ ಎದ್ದು ಯಾರಿಗೆ ಬೈಯುವುದು?

ನಿಜ ಹೇಳಬೇಕೆಂದರೆ ಐವತ್ತೆರಡರಲ್ಲಿ ನನಗೆ ಮೂರು ಗೊತ್ತಿದ್ದವು. ಮನೆಯವರು ರಿಮೋಟಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ, ಅದರ ಮೇಲೆ ಪೇಂಟಿನಿಂದ ಮೂರು ಚುಕ್ಕೆ ಇಟ್ಟಿದ್ದರು. ಸಿಗ್ನಲ್ಲಿನ ಹಾಗೆ.

"ಹಸಿರು ಒತ್ತು, ಗಾಡಿ ಹೊಂಡ್ತದ. ಕೆಂಪು ಒತ್ತು, ನಿಲ್ತದ. ಹಳದಿ ಮುಟ್ಟಬ್ಯಾಡ."

"ಯಾಕ?"

"ಹಳದಿ ಅಂದ್ರ ಹುಷಾರ್ ಅಂತ."

ಸೋಮವಾರ ಕೆಲಸದಿಂದ ಬಂದವಳೇ ಹಳದಿ ಒತ್ತಿದೆ.

ಟಿವಿಯ ತುಂಬ ಇಂಗ್ಲಿಷ್ ಅಕ್ಷರ ಬಂದವು. ಬಾಣದ ಗುಂಡಿ ಒತ್ತಿದೆ. ಅಕ್ಷರಗಳೆಲ್ಲ ಬದಲಾಗಿ ಕಿಟಕಿ ಬಾಗಿಲುಗಳ ಹಾಗೆ ಆದವು. ಚೀನಾ ಭಾಷೆ ಅಂತ ಆಮೇಲೆ ರಾಜರತ್ನ ಹೇಳಿದ. ನನಗೇನೂ ತೊಂದರೆ ಆಗಲಿಲ್ಲ. ಅದನ್ನೂ ಓದಲು ಬರುತ್ತಿರಲಿಲ್ಲ, ಇದನ್ನೂ ಬರುವುದಿಲ್ಲ. ಒತ್ತುತ್ತಾ ಹೋದೆ. ಒಂದು ಕಡೆ ಐದು ಡಬ್ಬಿಗಳ ಚಿತ್ರ ಬಂತು. ಮೂರು ಬೆಳ್ಳಗಿದ್ದವು, ಎರಡು ಮಾಸಿದ್ದವು. ಮಾಸಿದ ಎರಡರ ಮೇಲೆ ಬಾಣ ತಂದು ನಡುವಿನ ಗುಂಡಿ ಒತ್ತಿದೆ. ಅವೂ ಬೆಳ್ಳಗಾದವು. ನನಗೆ ಎಷ್ಟು ಹೆಮ್ಮೆ ಬಂತೆಂದರೆ ಇನ್ನೊಂದು ಸಲ ಒತ್ತಿದೆ.

ಒಂದು ಡಬ್ಬಿ ಬುಸ್ ಎಂದಿತು.

ಸ್ವಲ್ಪ ಹೊತ್ತು ಬುಸುಗುಟ್ಟಿ ಸುಮ್ಮನಾಯಿತು. ಆಮೇಲೆ ಪಕ್ಕದ ಡಬ್ಬಿ. ಆಮೇಲೆ ಅದರಾಚೆಯದು. ಯಾವ ಡಬ್ಬಿ ಬದುಕಿದೆ ಎಂದು ಮಷೀನು ತಾನೇ ಪರೀಕ್ಷೆ ಮಾಡಿಕೊಳ್ಳುವ ಸದ್ದಂತೆ ಅದು. ನನಗೆ ಯಾರು ಹೇಳಬೇಕು? ಪಕ್ಕದ ಮನೆಯಿಂದ ನಬೀಸಾಬರ ಹೆಂಡತಿ ನೂರಜಹಾನ್ ಕೈಯಲ್ಲಿ ಕಲಸಿದ ಹಿಟ್ಟಿನ ಸಮೇತ ಓಡಿಬಂದಳು.

"ಅಕ್ಕಾ, ಗ್ಯಾಸ್ ಸೋರಾಕತ್ತದ. ಕಡ್ಡಿ ಕೊರಿಬ್ಯಾಡ್ರಿ."

ಅಡುಗೆಮನೆಗೆ ಹೋಗಿ ಮೂಸಿ ಬಂದಳು. ವಾಸನೆ ಇಲ್ಲ. ಅಷ್ಟರಲ್ಲಿ ಪೀರಮ್ಮ ಕೋಲು ಹಿಡಿದು ಒಳಗೆ ಬಂದಿದ್ದಳು.

"ಗ್ಯಾಸ್ ಅಲ್ಲಬೇ, ಹಾವು. ಕೇಳು. ಟಿವಿ ಹಿಂದ ಅದ."

ಟಿವಿ ಹಿಂದೆ ಕೋಲು ಆಡಿಸಿದಳು. ಬುಸ್ ಎನ್ನುವುದು ಬಾಗಿಲ ಕಡೆ ಹೋಯಿತು.

"ಬಾಗಲಾ ಹಾಕ್ರಿ, ಹೊರಗ ಹೊಂಟದ."

ಬಾಗಿಲು ಹಾಕಿದರು. ಬುಸ್ ಎನ್ನುವುದು ಮಂಚದ ತಲೆಯ ಕಡೆ ಬಂತು.

"ಇವು ಎರಡವ" ಅಂದಳು ನೂರಜಹಾನ್.

"ಎರಡಲ್ಲ, ಐದವ. ಮನಿ ಮಾಡ್ಯಾವ" ಅಂದಳು ಪೀರಮ್ಮ.

ಅದು ಮಷೀನಿನ ಸದ್ದು ಅಂತ ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು. ನಾನೇ ಒತ್ತಿದ್ದು, ನನಗೇ ನಿಲ್ಲಿಸಲು ಬರುತ್ತಿಲ್ಲ ಅಂತ ಹೇಳುವುದು ಹೇಗೆ? ಸುಮ್ಮನೆ ನಾನೂ ಮಂಚ ಹತ್ತಿ ನಿಂತೆ. ಪೀರಮ್ಮ ಸದ್ದಿನ ಹಿಂದೆ ಮನೆ ತುಂಬ ಮೂರು ಸುತ್ತು ಹಾಕಿ, ನಾಲ್ಕನೇ ಸುತ್ತಿಗೆ ಎಡಗಡೆಯ ಹಿಂದಿನ ಡಬ್ಬಿಗೆ ಕೋಲಿನಿಂದ ಒಂದು ಬಿಟ್ಟಳು. ಆಗ ನನಗೆ ಕೆಂಪು ಚುಕ್ಕೆ ನೆನಪಾಯಿತು. ಸೆರಗಿನ ಒಳಗೇ ಒತ್ತಿದೆ. ಸದ್ದು ನಿಂತಿತು.

"ಸತ್ತದ" ಅಂದಳು ಪೀರಮ್ಮ, ಬೆವರು ಒರೆಸಿಕೊಳ್ಳುತ್ತ. ಆ ಡಬ್ಬಿಗೆ ಇವತ್ತಿಗೂ ತಗ್ಗು ಇದೆ. ಹಾವು ಹೊಡೆದ ಕತೆಯನ್ನು ಪೀರಮ್ಮ ಇವತ್ತಿಗೂ ಚಹಾ ಕುಡಿಯಲು ಬಂದವರಿಗೆ ಹೇಳುತ್ತಾಳೆ. ಹಾವಿನ ಉದ್ದ ಪ್ರತಿ ತಿಂಗಳೂ ಬೆಳೆಯುತ್ತಿದೆ.

ಹೋಗಲಿ, ಐದೂ ಡಬ್ಬಿ ಮಾತಾಡಿದವಲ್ಲ. ನಾನು ಗೆದ್ದೆ ಅಂತ ಮಲಗಿದೆ.

ಮರುದಿನ ನಾಲ್ಕೂವರೆಗೆ ಮಂಚದಿಂದ ಬಿದ್ದೆ. ಹಿಂದಿನ ಡಬ್ಬಿ ಎರಡೂ ನನ್ನ ತಲೆದಿಂಬಿನ ಮೇಲೆ ಗೋಡೆಗಿವೆ. ಎರಡು ಕಿವಿಗೆ ಎರಡು ಶಹನಾಯಿ. ನೆಲದ ಮೇಲೆ ಕೂತು ಸೊಂಟ ಒತ್ತಿಕೊಳ್ಳುವಾಗ ತಿಳಿಯಿತು. ಆ ಡಬ್ಬಿಗಳು ಸತ್ತಿರಲೇ ಇಲ್ಲ. ಮನೆಯವರೇ ಬಂದ್ ಮಾಡಿಟ್ಟಿದ್ದರು. ಶಹನಾಯಿಗೆ ತಾವು ಏಳಬೇಕು, ನಾನು ಏಳಬಾರದು. "ನಿನ್ನ ಸಲುವಾಗಿ ಬಂದ್ ಮಾಡೀನಿ" ಅಂತ ಒಂದು ಮಾತು ಅಂದಿದ್ದರೆ? ಅನ್ನಲಿಲ್ಲ. ನಾನು ಬೈಯುತ್ತಿದ್ದೆ, ಅವರು ಬೈಸಿಕೊಳ್ಳುತ್ತಿದ್ದರು. ಭಾಳ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಬಂದರೆ ಎಲ್ಲಿ ತೀರಿಸುವುದು? ಚಹಾ ಮಾಡಿ ಕುಡಿದೆ.

ಆ ವಾರವೆಲ್ಲ ಕಾಲಿನ ಕಡೆ ತಲೆ ಹಾಕಿ ಮಲಗಿದೆ. ಡಬ್ಬಿ ಬಂದ್ ಮಾಡುವಂತಿಲ್ಲ. ಐತಾರಕ್ಕೆ ಐದೂ ಬೇಕು.

ಶನಿವಾರ ಮನೆ ಸಾರಿಸಿದೆ, ಮಷೀನು ಒರೆಸಿದೆ, ಹೂದಾನಿ ತೊಳೆದೆ. ರಿಮೋಟಿನ ಕವರ್ ಎಣ್ಣೆ ಹಿಡಿದು ಜಿಡ್ಡಾಗಿತ್ತು. ಬಿಚ್ಚಿ ಸೋಡಾ ನೀರಿನಲ್ಲಿ ತಿಕ್ಕಿ, ಹಗ್ಗಕ್ಕೆ ಚಿಮಟಿ ಹಾಕಿ ಒಣಗಿಸಿದೆ. ಮೂರೂ ಚುಕ್ಕೆ ಹೊಳೆದವು. ಮತ್ತೆ ರಿಮೋಟಿಗೆ ತೊಡಿಸಿದೆ. ಅಷ್ಟೇ ನಾನು ಮಾಡಿದ್ದು.

ಐತಾರ ನಲವತ್ತು ಮಂದಿ ಬಂದರು. ಬಿಳಿ ಬಟ್ಟೆ, ಮೇಣಬತ್ತಿ, ಮನೆಯವರು ನಗುತ್ತಿರುವ ಫೋಟೋ. ಎಲ್ಲರೂ ಕೈಜೋಡಿಸಿ ಕಣ್ಣು ಮುಚ್ಚಿ ಕೂತರು. ನಬೀಸಾಬ್, ನೂರಜಹಾನ್, ಪೀರಮ್ಮ ಗೋಡೆಗೆ ಒರಗಿ ಕೂತಿದ್ದರು. ಮಷೀನಿನಲ್ಲಿ ಮೂರು ಡಿಸ್ಕ್ ಹಿಡಿಯುತ್ತವೆ. ಮೊದಲನೆಯದರಲ್ಲಿ ಶಹನಾಯಿ ಇತ್ತು, ಮೂರನೆಯದು ಖಾಲಿ. ಎರಡನೆಯದರಲ್ಲಿ ರಾಜರತ್ನ ವಂದನೆಯ ಡಿಸ್ಕ್ ಇಟ್ಟು, ಅದನ್ನೇ ತಯಾರು ಮಾಡಿದ.

"ಒತ್ರಿ ವೈನಿ" ಅಂದ.

ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ ಹಸಿರು ಚುಕ್ಕೆ ಒತ್ತಿದೆ.

ಐದೂ ಡಬ್ಬಿಯಲ್ಲಿ ಶಹನಾಯಿ ಹೊಡೆಯಿತು.

ನಲವತ್ತು ಮಂದಿ ಕಣ್ಣು ಬಿಟ್ಟರು. ನಬೀಸಾಬ್ ಮಾತ್ರ ಕಣ್ಣು ಬಿಡದೆ ಎದ್ದು ನಿಂತು, ಕಾಲಿನಿಂದ ಚಪ್ಪಲಿ ತಡಕತೊಡಗಿದರು. "ಹಾಲು ಕಾಸಿಲ್ಲಲ್ಲೋ" ಅಂತ ಪೀರಮ್ಮ ಎದ್ದಳು. ಅದೇನೆಂದು ವಿಚಾರ ಮಾಡಲು ನನಗೆ ಪುರುಸೊತ್ತಿರಲಿಲ್ಲ. ಕೆಂಪು ಒತ್ತಿದೆ. ಸದ್ದು ಜಾಸ್ತಿಯಾಯಿತು. ಇನ್ನೂ ಗಟ್ಟಿಯಾಗಿ ಒತ್ತಿದೆ. ಇನ್ನೂ ಜಾಸ್ತಿಯಾಯಿತು. ದೊಡ್ಡ ಡಬ್ಬಿ ಢಂ ಢಂ ಎಂದು ಫೋಟೋ ಅಲ್ಲಾಡಿತು. ಮನೆಯವರು ಮೊದಲಿಗಿಂತ ಹೆಚ್ಚು ನಗುತ್ತಿರುವ ಹಾಗೆ ಕಂಡಿತು.

"ನಿಲ್ಲಸ್ರಿ ವೈನಿ!"

"ಕೆಂಪೇ ಒತ್ತಾಕತ್ತೀನಿ. ನಿಲ್ಲವಲ್ದು."

"ಕೆಂಪಿಗ ನಿಲ್ಲಲಾರದ್ದು ಇನ್ಯಾತಕ್ಕ ನಿಲ್ತದ?" ಅಂತ ನಬೀಸಾಬ್ ಬಂದು ವೈರು ಕಿತ್ತರು.

ಆಮೇಲೆ ವಂದನೆಯನ್ನು ಬಾಯಿಂದಲೇ ಹೇಳಿದೆವು. ಚೆನ್ನಾಗಿಯೇ ಆಯಿತು. ಮೊದಲೇ ಹಾಗೆ ಮಾಡಬಹುದಿತ್ತು, ಯಾರಿಗೂ ಹೊಳೆದಿರಲಿಲ್ಲ.

ಮಂದಿ ಉಂಡು ಹೋದ ಮೇಲೆ ರಾಜರತ್ನ ರಿಮೋಟು ಕೈಗೆತ್ತಿಕೊಂಡು ನೋಡಿದ. ಕವರ್ ಬಿಚ್ಚಿದ. ಮತ್ತೆ ನೋಡಿದ.

"ವೈನಿ, ಕವರ್ ಉಲ್ಟಾ ಹಾಕೀರಿ. ತಲಿ ಕಡೆದ್ದು ಕಾಲ ಕಡಿಗಿ ಬಂದದ. ನಿಮ್ಮ ಹಸಿರು ಡಿಸ್ಕ್ ಬದಲಸೋ ಗುಂಡಿ ಮ್ಯಾಲ ಕುಂತದ. ಕೆಂಪು ದನಿ ಏರಸೋದರ ಮ್ಯಾಲ."

ಇಪ್ಪತ್ತೆರಡು ವರ್ಷ ಒಂದು ಗಾಡಿಯನ್ನೂ ತಪ್ಪು ಹಳಿಗೆ ಬಿಡದವರ ಸಿಗ್ನಲ್ಲನ್ನು ಒಂದು ಬೊಗಸೆ ಸೋಡಾದಲ್ಲಿ ತಿರುಗಿಸಿಟ್ಟಿದ್ದೆ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಐದೂ ಡಬ್ಬ್ಯಾಗ ಕೇಳಿಸ್ತೋ ಇಲ್ಲೋ?"

"ಕೇಳಿಸ್ತರಿ. ಶಹಾಬಾದ್ ತನಕ ಕೇಳಿಸ್ತು. ಶರ್ತು ವಂದನಾದ್ದಿತ್ತು ವೈನಿ, ಶಾದಿದ್ದಲ್ಲ."

ಮಾತು ಮಾತೇ. ಅಟ್ಟದಿಂದ ಮಷೀನಿನ ಹಳೆಯ ಪೆಟ್ಟಿಗೆ ನಾನೇ ಇಳಿಸಿಕೊಟ್ಟೆ. ಸಂಜೆ ಐದು ಸಣ್ಣ ಡಬ್ಬಿ, ಒಂದು ದೊಡ್ಡದು, ಕರಿ ಮಷೀನು ಎಲ್ಲ ಒಳಗೆ ಹೋದವು. ಗೋಡೆಯ ಮೇಲೆ ಮೊಳೆಗಳು ಉಳಿದವು. ಹಗ್ಗ ಕಟ್ಟಲು ನಬೀಸಾಬ್ ಬಂದರು.

"ನಬೀ ಭಾಯಿ, ಇನ್ನ ನಿಮ್ಮ ನಿದ್ದಿಗೆ ತ್ರಾಸಿಲ್ಲ" ಅಂದೆ.

"ಹೌದ್ರಿ ಭಾಭಿ. ಎರಡು ವರ್ಷದ ಮ್ಯಾಲ ಇವತ್ತ ನಿದ್ದಿ" ಅಂತ ಗಂಟು ಬಿಗಿದರು.

ಮಲಗುವಾಗ ರಾಜರತ್ನ ಕೇಳಿದ. "ವೈನಿ, ಐದೂ ಇಪ್ಪತ್ತಕ್ಕ ಗಾಡಿ. ಎಬ್ಬಸ್ತೀರಲ್ಲ?"

"ನಾ ಯಾಕ ಎಬ್ಬಸ್ಲಿ? ನಾಲ್ಕೂವರಿಗಿ ಶಹನಾಯಿ ಊದ್ತದ. ಸುಮ್ಮ ಮಕ್ಕೋ."

"ಹಾಂ, ಅದೂ ಖರೇ" ಅಂತ ಮಷೀನಿನ ಪೆಟ್ಟಿಗೆಯ ಮೇಲೆ ಕಾಲು ಚಾಚಿ ಮಲಗಿದ.

ನಾಲ್ಕನೇ ಇಯತ್ತೆಯವಳಿಗೂ ಹೊಳೆಯಲಿಲ್ಲ, ಬಿ.ಕಾಂ. ಓದಿದವನಿಗೂ ಹೊಳೆಯಲಿಲ್ಲ.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಆರೂ ನಲವತ್ತು. ರಾಜರತ್ನ ಬಾಯಿ ತೆರೆದು ಮಲಗಿದ್ದ. ಅವನ ಗಾಡಿ ಚಿತ್ತಾಪುರ ದಾಟಿರಬೇಕು. ಯಾರೋ ಬಾಗಿಲು ಒಡೆಯುವ ಹಾಗೆ ಬಡಿಯುತ್ತಿದ್ದರು. ತೆಗೆದೆ. ನಬೀಸಾಬ್. ಅಂಗಿ ಉಲ್ಟಾ ಹಾಕಿಕೊಂಡಿದ್ದರು.

"ಭಾಭಿ, ಏನ್ ಮಾಡೀರಿ? ಮಷೀನ್ ಯಾಕ ಊದಲಿಲ್ಲ?"

"ನಿಮ್ಮ ನಿದ್ದಿ..."

"ನಿದ್ದಿ ಸುಡ್ಲಿ. ಆರಕ್ಕ ಡ್ಯೂಟಿ ನಂದು. ರಾತ್ರಿಯಂವ ಅಲ್ಲಿ ಕ್ಯಾಬಿನ್‌ದಾಗ ನನ್ನ ಹೆಸರು ತಗೊಂಡು ಒದರಾಕತ್ಯಾನ."

"ಹಗ್ಗ ನೀವೇ ಕಟ್ಟೀರಲ್ಲ ಭಾಯಿ."

ಅವರು ಪೆಟ್ಟಿಗೆ ನೋಡಿದರು. ತಾವೇ ಹಾಕಿದ ಗಂಟು ನೋಡಿದರು. ಹಿಂದೆ ಪೀರಮ್ಮ ಕೆದರಿದ ತಲೆಯಲ್ಲಿ ಖಾಲಿ ಕೆಟ್ಲಿ ಹಿಡಿದು ನಿಂತಿದ್ದಳು.

"ಮೊದಲನೇ ಗಾಡಿಗೆ ಇವತ್ತ ವಾಡ್ಯಾಗ ಚಹಾ ಇಲ್ಲ. ಹನ್ನೊಂದು ವರ್ಷದಾಗ ಹಿಂಗ ಆಗಿಲ್ಲ."

ಅವಳ ಹಿಂದೆ ಇನ್ನೂ ಆರು ಮನೆಯವರು. ಯಾರೂ ಸ್ನಾನ ಮಾಡಿರಲಿಲ್ಲ. ಎರಡು ವರ್ಷ ನಮ್ಮ ಶಹನಾಯಿಗೆ ಬೈದವರೆಲ್ಲ ಎರಡು ವರ್ಷ ಅದಕ್ಕೇ ಎದ್ದಿದ್ದರು. ಅಲ್ಲಿ ಸ್ಟೇಷನ್ನಿನಲ್ಲಿ ನನ್ನ ಬೀಗದ ಮುಂದೆ ಐದು ಹೆಂಗಸರು ಗಂಟು ಮೂಟೆ ಇಟ್ಟುಕೊಂಡು ಕೂತು ನನ್ನ ವಂಶವನ್ನೇ ಎಣಿಸುತ್ತಿದ್ದರಂತೆ.

"ಒಂದೊಂದು ಗಡಿಯಾರ ತಗೋಬಾರದೇನು ನೀವು?" ಅಂದೆ.

"ಅದಾವ್ರಿ" ಅಂದರು ನಬೀಸಾಬ್. "ಗಡಿಯಾರದ ತಲಿ ಮ್ಯಾಲ ಹೊಡದು ಮತ್ತ ಮಕ್ಕೋತೀವಿ. ನಿಮ್ಮ ಮಷೀನ್ ಗ್ವಾಡಿ ಆಚಿಗಿತ್ತು. ಹೊಡಿಯಾಕ ಬರ್ತಿದ್ದಿಲ್ಲ."

ರಾಜರತ್ನ ಎದ್ದು ಪೆಟ್ಟಿಗೆ ತಬ್ಬಿಕೊಂಡ. "ನಾ ಸಂಜಿ ಗಾಡಿಗಿ ಒಯ್ತೀನಿ."

"ಎಲ್ಲಿಗಿ?" ಅಂದರು ನಬೀಸಾಬ್. "ಇದು ನಮ್ಮ ಲೈನಿನ ಕಾಲ್‌ಬಾಯ್. ಮಾಣಿಕಪ್ಪ ಇಟ್ಟಿದ್ದು. ಬದ್ಲಿ ಆರ್ಡರ್ ಇಲ್ದ ಎಲ್ಲಿಗೂ ಹೋಗಂಗಿಲ್ಲ."

ಪೀರಮ್ಮ ಕೆಟ್ಲಿ ಇಟ್ಟು ಮನೆಗೆ ಹೋಗಿ ಹಾವು ಹೊಡೆದ ಕೋಲು ತಂದಳು. ಹಿಡಿದು ನಿಂತಳು. ರಾಜರತ್ನ ಹಗ್ಗ ಬಿಚ್ಚಿದ.

ಅವನೇ ಎಲ್ಲ ಜೋಡಿಸಿದ. ಮಷೀನಿನ ಮುಖದ ಮೇಲೆ ನಾಲ್ಕು ಸೊನ್ನೆಗಳು ಮಿಣುಕುತ್ತಿದ್ದವು.

"ಇದೇನು?"

"ರಾತ್ರಿಯೆಲ್ಲ ವೈರ್ ತಗದಿಟ್ರ ಎಲ್ಲಾ ಮರೀತದರಿ. ಟೈಮರ್ ಹೋತು. ಇದರ ಪುಸ್ತಕ ಎಲ್ಲದ? ನೋಡಿ ಇಟ್ಟುಕೊಡ್ತೀನಿ."

ಪುಸ್ತಕ. ಕಪಾಟು ತರಲಿಲ್ಲ ಎಂಬ ಸಿಟ್ಟಿಗೆ ಆಗಲೇ ಹಾಳೆ ಹರಿದು ಭಾಂಡಿಗಳ ಕೆಳಗೆ ಹಾಸಿದ್ದೆ. ಒಂದೊಂದೇ ತೆಗೆದು ನೋಡಿದೆವು. ಟೈಮರಿನ ಹಾಳೆಯ ಮೇಲೆ ಉಪ್ಪಿನಕಾಯಿ ಭರಣಿ ಇತ್ತು. ಎಣ್ಣೆ ಇಳಿದು ಒಂದು ಅಕ್ಷರವೂ ಉಳಿದಿರಲಿಲ್ಲ. ರಾಜರತ್ನ ಒಂದು ತಾಸು ಗುಂಡಿ ಒತ್ತಿ, ಮತ್ತೆ ಚೀನಾ ಭಾಷೆಗೆ ಹೋಗಿ, ಕೈಮುಗಿದು, ಬಸ್ಸಿಗೆ ಹೋದ. ಹೋಗುವಾಗ ಅಣ್ಣನ ಲಾಟೀನು ಒಯ್ದ.

ಸಂಜೆ ಲೈನಿನ ಮಂದಿ ಬಾಗಿಲಿಗೆ ಬಂದರು. "ಭಾಭಿ, ನಾಳಿ ಊದ್ತದಲ್ಲ?"

ಬರುವುದಿಲ್ಲ ಅಂತ ಹೇಳಬಹುದಿತ್ತು. ಐವತ್ತೆರಡು ಗುಂಡಿ ಕಲಿಯುತ್ತೇನೆ ಅಂದವಳಿಗೆ ಬಾಯಿ ಬರಲಿಲ್ಲ.

"ಊದ್ತದ" ಅಂದೆ.

ಅಂದಿನಿಂದ ತಲೆದಿಂಬಿನ ಕೆಳಗೆ ಒಂದು ಕೀಲಿ ಕೊಡುವ ಗಡಿಯಾರ ಇಟ್ಟುಕೊಂಡು ಮಲಗುತ್ತೇನೆ. ನಾಲ್ಕೂ ಇಪ್ಪತ್ತೈದಕ್ಕೆ ಏಳುತ್ತೇನೆ. ಐದು ನಿಮಿಷ ರಿಮೋಟು ಹಿಡಿದು ಕೂರುತ್ತೇನೆ. ನಾಲ್ಕೂವರೆಗೆ ಹಸಿರು ಒತ್ತುತ್ತೇನೆ. ಕಾಲು ತಾಸಿಗೆ ಕೆಂಪು. ಕವರಿಗೆ ಸೂಜಿ ದಾರದಿಂದ ಹೊಲಿಗೆ ಹಾಕಿದ್ದೇನೆ, ಇನ್ನು ಅದು ತಿರುಗುವುದಿಲ್ಲ. ಟೈಮರ್ ಸರಿಯಾಗಿದೆ ಅಂತ ಲೈನಿನವರು ತಿಳಿದಿದ್ದಾರೆ. ಅವರೆಲ್ಲ ನಿಶ್ಚಿಂತೆಯಿಂದ ಮಲಗುತ್ತಾರೆ, ಎದ್ದು ಬೈಯುತ್ತಾರೆ. ಬೈಸಿಕೊಳ್ಳುವ ಡ್ಯೂಟಿ ಈಗ ನನ್ನದು.

ಮೊನ್ನೆ ಗಡಿಯಾರಕ್ಕೆ ಕೀಲಿ ಕೊಡುವುದು ಮರೆತೆ. ಎಚ್ಚರವಾದಾಗ ನಾಲ್ಕೂ ಮುಕ್ಕಾಲು. ಆಚೆಯಿಂದ ನಬೀಸಾಬ್ ಗೋಡೆ ಬಡಿಯುತ್ತಿದ್ದರು.

"ಭಾಭಿ, ಮಷೀನ್ ಕೆಟ್ಟದೇನ್ರಿ?"

"ಇಲ್ಲ ಭಾಯಿ" ಅಂದೆ, ಹಾಸಿಗೆಯಲ್ಲಿ ರಿಮೋಟು ತಡಕುತ್ತ. "ಈಗ ಎಚ್ಚರಾಗ್ಯದ."